ಸ್ಟಾಕ್ ಕ್ಲಾಸ್ ರಾಕ್ ಕ್ರಾಲಿಂಗ್: ಗಾಡಿಗೆ ಏನು ಮಾಡಬಹುದು, ಏನು ಕೂಡದು

ಬಂಡೆಗಳ ಮೇಲೆ ಗಾಡಿಯನ್ನು ನಿಧಾನವಾಗಿ ಹತ್ತಿಸುವ ರಾಕ್ ಕ್ರಾಲಿಂಗ್ ಸ್ಪರ್ಧೆಯಲ್ಲಿ ಸ್ಟಾಕ್ ಕ್ಲಾಸ್ ಅಂದರೆ ಶೋರೂಮಿನಿಂದ ಇಳಿದ ಹಾಗೇ ಇರುವ ಗಾಡಿ ಅಂತಲ್ಲ. ಚಾಸಿ, ಎಂಜಿನ್ ಕೂತಿರುವ ಜಾಗ, ಸಸ್ಪೆನ್ಷನ್ನಿನ ಬಗೆ, ಬಾಡಿಯ ರೂಪ ಇವಿಷ್ಟು ಕಂಪನಿಯವರು ಕೊಟ್ಟಂತೆ ಉಳಿಯಬೇಕು, ಉಳಿದದ್ದಕ್ಕೆ ಅಳತೆಯ ಮಿತಿಯೊಳಗೆ ಕೈ ಹಾಕಬಹುದು. ಆ ಮಿತಿ ಎಷ್ಟು ಅನ್ನುವುದು ಸಂಘಟಕರಿಂದ ಸಂಘಟಕರಿಗೆ ಬದಲಾಗುತ್ತದೆ. ಒಂದು ಕಡೆ 33 ಇಂಚಿನ ಟಯರಿಗೆ ಗೆರೆ ಎಳೆದಿದ್ದರೆ ಇನ್ನೊಂದು ಕಡೆ 35 ನಡೆಯುತ್ತದೆ. ಹಾಗಾಗಿ ಇಲ್ಲಿ ಬರೆದಿರುವುದು ಯಾವ ರೂಲ್‌ಬುಕ್ಕಿಗೂ ಬದಲಿಯಲ್ಲ. ರೂಲ್‌ಬುಕ್ ಕೈಯಲ್ಲಿ ಹಿಡಿದು ಗಾಡಿ ಕಟ್ಟುವುದು ಹೇಗೆ ಅನ್ನುವುದಷ್ಟೇ.

ಸ್ಪರ್ಧೆಗೆ ಮುಂಚಿನ ತಪಾಸಣೆಯಲ್ಲಿ ಗಾಡಿ ವಾಪಸ್ ಬರುವುದು ಸಾಮಾನ್ಯವಾಗಿ ದೊಡ್ಡ ಕಳ್ಳತನಕ್ಕಲ್ಲ. ನಿಯಮದೊಳಗಿನ ಒಂದು ಪಾರ್ಟ್ ಹಾಕಿರುತ್ತಾರೆ. ಅದು ಕೂರಬೇಕಾದರೆ ಇನ್ನೊಂದು ಬದಲಾಗಬೇಕು, ಅದಕ್ಕೆ ಮತ್ತೊಂದು. ಮೂರನೆಯದೋ ನಾಲ್ಕನೆಯದೋ ನಿಯಮದ ಆಚೆ ಹೋಗಿರುತ್ತದೆ. ಟಯರ್ ದೊಡ್ಡದಾಯಿತು, ಮಡ್‌ಗಾರ್ಡಿಗೆ ತಾಗಿತು, ಗಾಡಿ ಎತ್ತಿದರು, ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿತು, ಅದನ್ನು ಸರಿಮಾಡಲು ಟ್ರಾನ್ಸ್‌ಫರ್ ಕೇಸನ್ನು, ಅಂದರೆ ಬಲವನ್ನು ಮುಂದಿನ ಹಿಂದಿನ ಆಕ್ಸಲ್ಲಿಗೆ ಹಂಚುವ ಗೇರ್ ಪೆಟ್ಟಿಗೆಯನ್ನು, ಕೆಳಗಿಳಿಸಿದರು. ಆ ಕೊನೆಯ ಕೆಲಸಕ್ಕೆ ಅನುಮತಿಯೇ ಇರಲಿಲ್ಲ. ಈ ಸರಪಳಿಯನ್ನು ಪಾರ್ಟ್ ಕೊಳ್ಳುವ ಮೊದಲೇ ಕಾಗದದ ಮೇಲೆ ಕೊನೆಯವರೆಗೂ ಬರೆದು ನೋಡಬೇಕು.

ರೂಲ್‌ಬುಕ್ ಓದುವಾಗ

ಮೊದಲು ಹುಡುಕಬೇಕಾದದ್ದು ಒಂದೇ ವಾಕ್ಯ. "ಇಲ್ಲಿ ಅನುಮತಿಸಿದ್ದನ್ನು ಬಿಟ್ಟು ಬೇರೇನೂ ಕೂಡದು" ಅಂತಿದೆಯೋ, "ಇಲ್ಲಿ ನಿಷೇಧಿಸದೆ ಇರುವುದೆಲ್ಲ ನಡೆಯುತ್ತದೆ" ಅಂತಿದೆಯೋ? ಮೊದಲನೆಯ ಬಗೆಯಲ್ಲಿ ಪುಸ್ತಕದಲ್ಲಿ ಹೆಸರಿಲ್ಲದ ಪಾರ್ಟು ಅಂದರೆ ಇಲ್ಲ ಅಂತಲೇ ಅರ್ಥ. ಎರಡನೆಯ ಬಗೆಯಲ್ಲಿ ಹೆಸರಿಲ್ಲದಿದ್ದರೆ ಸ್ವಲ್ಪ ಜಾಗ ಸಿಗುತ್ತದೆ. ಇದು ಗೊತ್ತಿಲ್ಲದೆ ಮುಂದಿನ ಪುಟ ಓದಿ ಪ್ರಯೋಜನವಿಲ್ಲ.

ಆಮೇಲೆ "ಸ್ಟಾಕ್" ಪದಕ್ಕೆ ಅವರು ಕೊಟ್ಟ ಅರ್ಥ ನೋಡಿ. ಅದೇ ಮಾಡೆಲ್ ಅದೇ ವರ್ಷದ ಪಾರ್ಟೇ ಆಗಬೇಕೋ, ಅದೇ ಮಾಡೆಲ್ಲಿನ ಮೇಲಿನ ವೇರಿಯಂಟಿಗೆ ಕಂಪನಿ ಕೊಟ್ಟದ್ದನ್ನು ಕೆಳಗಿನದಕ್ಕೆ ಹಾಕಬಹುದೋ? ಜೀಪ್ ವ್ರ್ಯಾಂಗ್ಲರ್ ಇಟ್ಟುಕೊಂಡವರಿಗೆ ಇದು ದೊಡ್ಡ ಪ್ರಶ್ನೆ. ಅದರ ಮೇಲಿನ ವೇರಿಯಂಟಾದ ರೂಬಿಕಾನಿನ 4:1 ಟ್ರಾನ್ಸ್‌ಫರ್ ಕೇಸು ಕಂಪನಿಯದೇ ಪಾರ್ಟು ನಿಜ, ಆದರೆ ನಿಮ್ಮ ಗಾಡಿಗೆ ಬಂದದ್ದಲ್ಲ.

ಮೂರನೆಯದು ಕ್ರಿಯಾಪದ. "ಬದಲಿಸಬಹುದು", "ಬಲಪಡಿಸಬಹುದು", "ಮಾರ್ಪಡಿಸಬಹುದು" ಮೂರೂ ಬೇರೆ ಬೇರೆ. ಆಕ್ಸಲ್ ಹೌಸಿಂಗನ್ನು ಬಲಪಡಿಸಬಹುದು ಅಂತಿದ್ದರೆ ಮೇಲೆ ಪ್ಲೇಟ್ ಇಟ್ಟು ವೆಲ್ಡ್ ಮಾಡಬಹುದು, ಬೇರೆ ಗಾಡಿಯ ಹೌಸಿಂಗ್ ತಂದು ಕೂರಿಸುವ ಹಾಗಿಲ್ಲ. "ಬೋಲ್ಟ್-ಆನ್ ಮಾತ್ರ" ಅನ್ನುವ ಸಾಲಿದ್ದರೆ ಆ ಪ್ಲೇಟಿನ ವೆಲ್ಡಿಂಗಿಗೂ ಕತ್ತರಿ ಬೀಳಬಹುದು.

ಅನುಮಾನ ಬಂದರೆ ಸಂಘಟಕರ ಟೆಕ್ನಿಕಲ್ ಮುಖ್ಯಸ್ಥರಿಗೆ ಪಾರ್ಟಿನ ಫೋಟೋ, ಪಾರ್ಟ್ ನಂಬರ್ ಹಾಕಿ ಬರೆದು ಕೇಳಿ, ಬಂದ ಉತ್ತರವನ್ನು ಪ್ರಿಂಟ್ ತೆಗೆದು ಗಾಡಿಯಲ್ಲಿಡಿ. ಫೋನಿನಲ್ಲಿ "ಆಯ್ತು, ಹಾಕ್ಕೊಳ್ಳಿ" ಅಂದದ್ದು ತಪಾಸಣೆಯ ದಿನ ಯಾರಿಗೂ ನೆನಪಿರುವುದಿಲ್ಲ.

ಟಯರಿನಿಂದ ಶುರು

ಬಂಡೆಯ ಮೇಲೆ ಆಕ್ಸಲ್ಲಿನ ನಡುವೆ ಇರುವ, ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ ಗುಂಡನ್ನು ನೆಲದಿಂದ ಮೇಲೆತ್ತುವುದು ಟಯರ್ ಮಾತ್ರ. ಸ್ಪ್ರಿಂಗ್ ಲಿಫ್ಟು ಚಾಸಿಯನ್ನು ಎತ್ತುತ್ತದೆ, ಬಾಡಿ ಲಿಫ್ಟು ಬಾಡಿಯನ್ನು ಎತ್ತುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಆದ್ದರಿಂದ ನಿಯಮ ಕೊಟ್ಟ ಟಯರ್ ಮಿತಿಯನ್ನು ಮೊದಲು ಇಟ್ಟುಕೊಂಡು ಉಳಿದದ್ದನ್ನು ಅದರ ಹಿಂದೆ ಜೋಡಿಸುವುದು ಸರಿಯಾದ ಕ್ರಮ.

ಮಿಲಿಮೀಟರ್ ಲೆಕ್ಕದ ಟಯರನ್ನು ಇಂಚಿಗೆ ತರುವುದು ಹೀಗೆ: ಅಗಲವನ್ನು ಶೇಕಡಾವಾರಿನಿಂದ ಗುಣಿಸಿ, ಎರಡರಿಂದ ಗುಣಿಸಿ, ರಿಮ್ಮಿನ ವ್ಯಾಸ ಕೂಡಿಸಿ. 315/75 ಆರ್ 16 ಅಂದರೆ 315 × 0.75 × 2 = 472.5, ಅದಕ್ಕೆ 16 ಇಂಚಿನ 406.4 ಸೇರಿ 878.9 ಮಿಮೀ, ಅಂದರೆ 34.6 ಇಂಚು. ಎಲ್ಲರೂ ಅದನ್ನು 35 ಅಂತಲೇ ಕರೆಯುತ್ತಾರೆ. ಅದೇ ರೀತಿ 285/75 ಆರ್ 16 ಲೆಕ್ಕಕ್ಕೆ 32.8. ತಪಾಸಣೆಯವರು ಸೈಡ್‌ವಾಲಿನ ಬರಹ ನೋಡುತ್ತಾರೋ ಟೇಪ್ ಹಿಡಿದು ಅಳೆಯುತ್ತಾರೋ ಅನ್ನುವುದನ್ನು ಮೊದಲೇ ತಿಳಿದಿರಬೇಕು. ಟೇಪಾದರೆ ಯಾವ ಗಾಳಿಯಲ್ಲಿ ಅಂತಲೂ ಕೇಳಿ.

ಟಯರ್ ದೊಡ್ಡದಾದರೆ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. 195/80 ಆರ್ 15 ಟಯರಿನ ಸುಜುಕಿ ಜಿಮ್ನಿಗೆ 235/75 ಆರ್ 15 ಹಾಕಿದರೆ ವ್ಯಾಸ 693 ಮಿಮೀಯಿಂದ 733.5ಕ್ಕೆ ಹೋಗುತ್ತದೆ. ಆಕ್ಸಲ್ ಮೇಲೇರುವುದು ಅದರ ಅರ್ಧ, 20 ಮಿಮೀ. ಜೊತೆಗೇ ಗೇರಿನ ಬಲ ಶೇಕಡಾ 5.5ರಷ್ಟು ಇಳಿಯುತ್ತದೆ. ಗಾಡಿ ಹಗುರ ಇದ್ದರೆ ಇದು ಗೊತ್ತಾಗದು. ಭಾರದ ಗಾಡಿಗೆ 29ರಿಂದ 33 ಇಂಚಿಗೆ ಹೋದಾಗ 4.10ರ ಆಕ್ಸಲ್ 3.60ರ ಹಾಗೆ ವರ್ತಿಸುತ್ತದೆ, ಬಂಡೆ ಹತ್ತುವಾಗ ಕ್ಲಚ್ಚಿನ ವಾಸನೆ ಬರುವುದು ಅದಕ್ಕೇ.

ರಿಮ್ಮಿನ ವಿಷಯಕ್ಕೆ ಬಂದರೆ ಆಫ್‌ಸೆಟ್ (ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿಮೀ ದೂರ ಅನ್ನುವುದು, ರಿಮ್ಮಿನ ಮೇಲೆ ಇಟಿ ಅಂತ ಬರೆದಿರುತ್ತದೆ) ಮತ್ತು ಟ್ರ್ಯಾಕ್ ಅಗಲ (ಎಡ ಬಲ ಚಕ್ರಗಳ ನಡುವಿನ ದೂರ) ಒಟ್ಟಿಗೆ ನೋಡಬೇಕು. ಇಟಿ +20 ಇದ್ದ ರಿಮ್ ತೆಗೆದು ಇಟಿ −10 ಹಾಕಿದರೆ ಪ್ರತಿ ಚಕ್ರ 30 ಮಿಮೀ ಹೊರಗೆ, ಒಟ್ಟು ಟ್ರ್ಯಾಕ್ 60 ಮಿಮೀ ಅಗಲ. ಟ್ರ್ಯಾಕಿಗೆ ಮಿತಿಯಿದ್ದರೆ ಇದರಲ್ಲೇ ಮುಗಿದು ಹೋಗಬಹುದು. ಅನೇಕ ಕಡೆ ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ಸ್ಪೇಸರನ್ನು ಸೀದಾ ನಿಷೇಧಿಸುತ್ತಾರೆ, ಅದಕ್ಕೆ ಕಾರಣವೂ ಇದೆ. ಬರೀ ಬಿಲ್ಲೆಯಂಥ ಸ್ಪೇಸರ್ ಹಾಕಿದರೆ ನಟ್ಟಿಗೆ ಸಿಗುವ ಸ್ಟಡ್ಡಿನ ಉದ್ದ ಕಡಿಮೆಯಾಗುತ್ತದೆ. ಸ್ಟಡ್ಡಿನ ದಪ್ಪದಷ್ಟಾದರೂ ನಟ್ಟಿನ ಮರೆಯೊಳಗೆ (ಥ್ರೆಡ್ಡಿನೊಳಗೆ) ಹೋಗಬೇಕು, ಅಂದರೆ 12 ಮಿಮೀ ಸ್ಟಡ್ಡಿಗೆ ಕನಿಷ್ಠ 12 ಮಿಮೀ. ಅದಕ್ಕಿಂತ ಕಡಿಮೆಯಾದರೆ ಮರೆ ಕಿತ್ತು ಚಕ್ರ ಕಳಚುತ್ತದೆ.

ಬೀಡ್‌ಲಾಕ್ ರಿಮ್ಮಿಗೆ, ಅಂದರೆ ಟಯರಿನ ಅಂಚನ್ನು ರಿಂಗು ಬೋಲ್ಟಿನಿಂದ ಹಿಡಿದಿಡುವ ರಿಮ್ಮಿಗೆ, ಅನುಮತಿ ಇದೆಯೋ ಇಲ್ಲವೋ ಅನ್ನುವುದು ಸ್ಟಾಕ್ ಕ್ಲಾಸಿನಲ್ಲಿ ನಿಜವಾದ ವ್ಯತ್ಯಾಸ ಮಾಡುತ್ತದೆ. ಬೀಡ್‌ಲಾಕ್ ಇಲ್ಲದೆ 12ರಿಂದ 15 ಪಿಎಸ್‌ಐಗಿಂತ ಕೆಳಗೆ ಇಳಿಸಿದರೆ, ಬಂಡೆಯ ಸಂದಿಯಲ್ಲಿ ಚಕ್ರ ಓರೆಯಾಗಿ ಸಿಕ್ಕಿಕೊಂಡಾಗ ಟಯರಿನ ಅಂಚು ರಿಮ್ಮಿನಿಂದ ಕಳಚುವ ಭಯ. ಬೀಡ್‌ಲಾಕ್ ಇದ್ದರೆ 5ರಿಂದ 8ರವರೆಗೂ ಇಳಿಸುತ್ತಾರೆ, ಟಯರ್ ಬಂಡೆಯನ್ನು ತಬ್ಬಿಕೊಂಡ ಹಾಗೆ ಕೂರುತ್ತದೆ. ಅದರ ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ, ಮೂರು ನಾಲ್ಕು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಒಂದೇ ಸುತ್ತಿಗೆ ಪೂರ್ತಿ ಬಿಗಿದರೆ ರಿಂಗ್ ಸೊಟ್ಟಗಾಗಿ ಒಂದು ಕಡೆ ಗಾಳಿ ಸೋರುತ್ತಲೇ ಇರುತ್ತದೆ. ಟಯರಿನೊಳಗೆ ನೀರು ತುಂಬಿ ಭಾರ ಕೆಳಗೆ ತರುವ ಉಪಾಯವೂ ಇದೆ. ಅದನ್ನು ಮಾಡುವ ಮುಂಚೆ ನಿಯಮ ನೋಡಿ.

ಎತ್ತರ: ಬೇಕಾದಷ್ಟೇ

ಸ್ಟಾಕ್ ಕ್ಲಾಸಿನಲ್ಲಿ ಹೆಚ್ಚು ತಪ್ಪುಗಳು ನಡೆಯುವ ಜಾಗ ಇದು. ಟಯರ್ ತಾಗದಷ್ಟು ಎತ್ತಬೇಕು, ಅದಕ್ಕಿಂತ ಒಂದು ಬೆರಳೂ ಹೆಚ್ಚು ಬೇಡ. ಟ್ರ್ಯಾಕ್ 1400 ಮಿಮೀ, ಭಾರದ ಕೇಂದ್ರ ನೆಲದಿಂದ 700 ಮಿಮೀ ಇರುವ ಗಾಡಿ ಲೆಕ್ಕದಲ್ಲಿ 45 ಡಿಗ್ರಿ ಓರೆಗೆ ಮಗುಚುತ್ತದೆ. ಕೇಂದ್ರ 765ಕ್ಕೆ ಏರಿದರೆ ಅದು 42.5 ಡಿಗ್ರಿ. ಟ್ರ್ಯಾಕನ್ನು 1460 ಮಾಡಿದರೆ ಮತ್ತೆ 43.7ಕ್ಕೆ ಬರುತ್ತದೆ, ಪೂರ್ತಿ ವಾಪಸ್ ಬರುವುದಿಲ್ಲ. ಇದರಲ್ಲಿ ಸ್ಪ್ರಿಂಗ್ ಬಾಗುವುದು, ಟಯರ್ ಅಮುಕುವುದು ಸೇರಿಲ್ಲ. ಸೇರಿದರೆ ಇನ್ನೂ ಬೇಗ ಮಗುಚುತ್ತದೆ.

ಕಮಾನು ಪಟ್ಟಿಯ, ಅಂದರೆ ಲೀಫ್ ಸ್ಪ್ರಿಂಗಿನ ಗಾಡಿಯಲ್ಲಿ ಆಕ್ಸಲ್ ಮೇಲಿದ್ದು ಪಟ್ಟಿ ಕೆಳಗಿದ್ದರೆ ಅದನ್ನು ತಿರುಗಿಸಿ ಪಟ್ಟಿಯನ್ನು ಆಕ್ಸಲ್ ಮೇಲೆ ತರುವುದು ಹಳೆಯ ಉಪಾಯ. ಸಸ್ಪೆನ್ಷನ್ನಿನ ಮೂಲ ಜೋಡಣೆ ಉಳಿಯಬೇಕು ಅನ್ನುವ ನಿಯಮ ಇರುವಲ್ಲಿ ಇದು ನಡೆಯದು. ಪಟ್ಟಿಯ ಒಂದು ತುದಿಯನ್ನು ಚಾಸಿಗೆ ಹಿಡಿಯುವ ಶಾಕಲ್ಲನ್ನು ಉದ್ದದ್ದಾಗಿ ಹಾಕುವುದು ಸುಲಭ, ಆದರೆ ಎತ್ತರ ಸಿಗುವುದು ಅರ್ಧ ಮಾತ್ರ: 50 ಮಿಮೀ ಉದ್ದದ ಶಾಕಲ್ಲಿಗೆ ಸುಮಾರು 25 ಮಿಮೀ. ಅದರ ಜೊತೆಗೆ ಪಟ್ಟಿ ಓರೆಯಾಗಿ ಆಕ್ಸಲ್ಲೂ ತಿರುಗುತ್ತದೆ. ಮುಂದಿನ ಆಕ್ಸಲ್ ತಿರುಗಿದರೆ ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕೆಡುತ್ತದೆ. ಕ್ಯಾಸ್ಟರ್ ಕಡಿಮೆಯಾದ ಗಾಡಿಯ ಸ್ಟೀರಿಂಗ್ ತಿರುವಿನ ನಂತರ ತಾನಾಗಿ ನೇರಕ್ಕೆ ಬರುವುದಿಲ್ಲ, ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತದೆ. ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಉಕ್ಕಿನ ಓರೆ ಶಿಮ್ ಇಟ್ಟು ಸರಿಮಾಡಬಹುದು. ಅಲ್ಯೂಮಿನಿಯಮ್ ಶಿಮ್ ಬೇಡ, ಬಂಡೆಯ ಹೊಡೆತಕ್ಕೆ ಒಡೆದು ಯು-ಬೋಲ್ಟು ಸಡಿಲವಾಗುತ್ತದೆ.

ಕಾಯಿಲ್ ಸ್ಪ್ರಿಂಗಿನ ಗಾಡಿಗೆ ಸ್ಪ್ರಿಂಗಿನ ಸ್ಪೇಸರ್ ಇಟ್ಟು ಎತ್ತಿದರೆ, ಚಾಸಿಯಿಂದ ಆಕ್ಸಲ್ಲಿಗೆ ಅಡ್ಡ ಹೋಗುವ ಪ್ಯಾನ್‌ಹಾರ್ಡ್ ರಾಡು ಆಕ್ಸಲ್ಲನ್ನು ಪಕ್ಕಕ್ಕೆ ಎಳೆಯುತ್ತದೆ. 800 ಮಿಮೀ ಉದ್ದದ ರಾಡಿನ ಎರಡು ತುದಿಗಳ ಎತ್ತರದ ವ್ಯತ್ಯಾಸ 100 ಮಿಮೀ ಇದ್ದದ್ದು 50 ಮಿಮೀ ಲಿಫ್ಟಿನಿಂದ 150 ಆದರೆ ಆಕ್ಸಲ್ ಸುಮಾರು 8 ಮಿಮೀ ಸರಿಯುತ್ತದೆ. ಚಿಕ್ಕದು ಅನ್ನಿಸಿದರೂ ಒಂದು ಪಕ್ಕದ ಟಯರ್ ಒಳಗಿನ ಗೋಡೆಗೆ ಉಜ್ಜಲು ಅಷ್ಟೇ ಸಾಕು. ಉದ್ದ ಹೊಂದಿಸುವ ರಾಡ್ ಹಾಕಬಹುದಾ ಅಂತ ನೋಡಿ. ಬ್ರ್ಯಾಕೆಟ್ ಬದಲಿಸುವುದಕ್ಕಿಂತ ರಾಡಿಗೆ ಅನುಮತಿ ಸಿಗುವುದು ಸುಲಭ. ಯಾವುದನ್ನು ಮಾಡಿದರೂ ಪ್ಯಾನ್‌ಹಾರ್ಡ್ ರಾಡೂ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕೂ ಮುಂದಿನಿಂದ ನೋಡಿದಾಗ ಸಮಾನಾಂತರ ಇರಬೇಕು. ಇಲ್ಲದಿದ್ದರೆ ಚಕ್ರ ಮೇಲೆ ಕೆಳಗೆ ಆಡಿದಾಗಲೆಲ್ಲ ಸ್ಟೀರಿಂಗ್ ತಾನಾಗಿ ತಿರುಗುತ್ತದೆ.

ಲಿಫ್ಟಿನ ನಂತರ ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ನೋಡಿ ಸಂತೋಷಪಟ್ಟರೆ ಏನೂ ಗೊತ್ತಾಗುವುದಿಲ್ಲ. ಪರೀಕ್ಷೆ ಹೀಗೆ: ಚಾಸಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರ ಮತ್ತು ಕಾಯಿಲ್ ಸ್ಪ್ರಿಂಗ್ ತೆಗೆದು, ಜಾಕಿನಿಂದ ಆಕ್ಸಲ್ಲನ್ನು ಪೂರ್ತಿ ಕೆಳಗೆ, ಪೂರ್ತಿ ಮೇಲೆ, ಆಮೇಲೆ ಒಂದು ಪಕ್ಕ ಮೇಲೆ ಇನ್ನೊಂದು ಪಕ್ಕ ಕೆಳಗೆ ಮಾಡುತ್ತ ಪ್ರತಿ ಸಲ ನಿಂತು ನೋಡಬೇಕು. ಪೂರ್ತಿ ಕೆಳಗಿದ್ದಾಗ ಬ್ರೇಕ್ ಹೋಸು ಬಿಗಿಯಾಗಿದೆಯೇ? ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಮತ್ತೆ ನೋಡಿ, ಹೋಸು ಎಳೆಯುವುದು ಆಗಲೇ. ಎಬಿಎಸ್ ವೈರು, ಡಿಫರೆನ್ಷಿಯಲ್ಲಿನ ಬ್ರೀದರ್ ಪೈಪು ಕೂಡ ಮರೆಯಬೇಡಿ. ಪೂರ್ತಿ ಮೇಲಿದ್ದಾಗ ಬಂಪ್ ಸ್ಟಾಪಿಗೆ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರಿಗೆ) ಆಕ್ಸಲ್ ತಾಗುವ ಮೊದಲೇ ಶಾಕ್ ಅಬ್ಸಾರ್ಬರ್ ತಳ ಮುಟ್ಟುತ್ತಿದ್ದರೆ ಆ ಶಾಕಿನ ಆಯುಸ್ಸು ಒಂದು ಹತ್ತುವಿಕೆಯಷ್ಟೇ. ಬಂಪ್ ಸ್ಟಾಪ್ ಉದ್ದ ಮಾಡಬೇಕು. ಆಮೇಲೆ ಚಕ್ರ ಹಾಕಿ, ಅದೇ ಭಂಗಿಗಳಲ್ಲಿ ಟಯರ್ ಎಲ್ಲೆಲ್ಲಿ ತಾಗುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿ.

ಸ್ಪರ್ಧೆಯ ಓಪನ್ ಕ್ಲಾಸಿನ ಗಾಡಿಗಳಲ್ಲಿ ಚಿಕ್ಕ ವಿಂಚಿನಿಂದ ಆಕ್ಸಲ್ಲನ್ನು ಚಾಸಿಗೆ ಎಳೆದು ಹಿಡಿದು ಕಡಿದಾದ ಏರು ಹತ್ತುವ ಪದ್ಧತಿಯಿದೆ. ಅದನ್ನು ಸ್ಟಾಕಿನಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬರೀ ಲಿಮಿಟಿಂಗ್ ಪಟ್ಟಿ, ಅಂದರೆ ಆಕ್ಸಲ್ ಎಷ್ಟು ಜೋತುಬೀಳಬೇಕು ಅಂತ ತಡೆಯುವ ನೈಲಾನ್ ಪಟ್ಟಿ, ಬೇರೆ ವಿಷಯ. ಅದನ್ನು ಕೇಳಿ ಹಾಕಿಕೊಳ್ಳಬಹುದು.

ಗೇರು ಮತ್ತು ಲಾಕರು

ಅತಿ ನಿಧಾನ ಗೇರಿನಲ್ಲಿ ಎಂಜಿನ್ನಿನ ಬಲ ಚಕ್ರಕ್ಕೆ ಬರುವಷ್ಟರಲ್ಲಿ ಎಷ್ಟು ಪಟ್ಟಾಗುತ್ತದೆ ಅನ್ನುವ ಲೆಕ್ಕವೇ ಕ್ರಾಲ್ ರೇಶಿಯೋ, ಅಂದರೆ ಮೊದಲ ಗೇರು × ಟ್ರಾನ್ಸ್‌ಫರ್ ಕೇಸಿನ ಲೋ × ಆಕ್ಸಲ್ ರೇಶಿಯೋ. ಜೆಬಿ74 ಮಾಡೆಲ್ಲಿನ ಜಿಮ್ನಿಯ ಮ್ಯಾನ್ಯುಯಲ್ ಗೇರಿನಲ್ಲಿ 4.425 × 2.002 × 4.090, ಸುಮಾರು 36. ಆರು ಗೇರಿನ ಜೆಕೆ ಮಾಡೆಲ್ಲಿನ ವ್ರ್ಯಾಂಗ್ಲರ್ ರೂಬಿಕಾನಿನಲ್ಲಿ 4.46 × 4 × 4.10, ಅಂದರೆ 73. ಎರಡೂ ಸ್ಟಾಕ್ ಗಾಡಿಗಳೇ! ಒಂದೇ ಕ್ಲಾಸಿನಲ್ಲಿ ಎರಡೂ ನಿಂತಾಗ ನಿಯಮ ಗೇರ್ ಬದಲಿಸಲು ಬಿಡುತ್ತದೋ ಇಲ್ಲವೋ ಅನ್ನುವುದೇ ಆಟ ತೀರ್ಮಾನಿಸುತ್ತದೆ. ಮೂಲ ಟ್ರಾನ್ಸ್‌ಫರ್ ಕೇಸಿನ ಒಳಗಿನ ಗೇರುಗಳನ್ನು ಬದಲಿಸಲು ಬಿಡುವವರೂ ಎರಡನೆಯ ಕೇಸನ್ನು ಹಿಂದೆ ಜೋಡಿಸಲು ಬಿಡುವುದಿಲ್ಲ.

ಆಕ್ಸಲ್ ರೇಶಿಯೋ ತೀರ್ಮಾನಿಸುವ ಎರಡು ಗೇರು, ಕ್ರೌನ್ ಮತ್ತು ಪಿನಿಯನ್, ಬದಲಿಸುವುದಾದರೆ ಮುಂದಿನದನ್ನೂ ಹಿಂದಿನದನ್ನೂ ಒಟ್ಟಿಗೆ ಬದಲಿಸಿ. ಎರಡೂ ರೇಶಿಯೋ ಬೇರೆಯಾದರೆ ಫೋರ್ ವೀಲ್ ಹಾಕಿದ ಕ್ಷಣದಿಂದ ಮುಂದಿನ ಚಕ್ರ ಹಿಂದಿನದರ ಜೊತೆ ಜಗಳಕ್ಕೆ ನಿಲ್ಲುತ್ತದೆ, ಒಡೆಯುವುದು ಟ್ರಾನ್ಸ್‌ಫರ್ ಕೇಸು. ಕ್ರೌನ್ ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಬರುತ್ತವೆ, ಒಂದನ್ನು ಮಾತ್ರ ಬದಲಿಸುವಂತಿಲ್ಲ. ಬ್ಯಾಕ್‌ಲ್ಯಾಶ್, ಅಂದರೆ ಎರಡರ ಹಲ್ಲುಗಳ ನಡುವಿನ ಸಡಿಲ, ಸಾಮಾನ್ಯವಾಗಿ 0.15ರಿಂದ 0.25 ಮಿಮೀ ನಡುವೆ, ನಿಮ್ಮ ಆಕ್ಸಲ್ಲಿನ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ಗೇರಿಗೆ ಬಣ್ಣ ಹಚ್ಚಿ ತಿರುಗಿಸಿ, ಹಲ್ಲಿನ ನಡುಭಾಗದಲ್ಲಿ ಗುರುತು ಬಿದ್ದಿದೆಯೇ ನೋಡಿ. ಹಲ್ಲಿನ ತುದಿಯಲ್ಲೋ ಬುಡದಲ್ಲೋ ಬಿದ್ದರೆ ಶಿಮ್ ಬದಲಿಸದೆ ಮುಚ್ಚಬೇಡಿ. ಮೊದಲ 800 ಕಿಲೋಮೀಟರಿಗೆ ಆಯಿಲ್ ಬದಲಿಸಿ. ಹೊಸ ಗೇರನ್ನು ಸೀದಾ ಸ್ಪರ್ಧೆಗೆ ಒಯ್ಯುವುದು ಹುಚ್ಚು.

ಲಾಕರ್ ಅಂದರೆ ಆಕ್ಸಲ್ಲಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಸಾಧನ. ಅದು ಇಲ್ಲದ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದು ತಿರುಗಲು ಬೇಕಾದಷ್ಟೇ ಅಲ್ಪ ಬಲ ಇನ್ನೊಂದಕ್ಕೂ ಸಿಗುತ್ತದೆ, ಗಾಡಿ ನಿಲ್ಲುತ್ತದೆ. ನಿಯಮ ಒಂದೇ ಲಾಕರಿಗೆ ಅವಕಾಶ ಕೊಟ್ಟರೆ ಹಿಂದೆ ಹಾಕುವುದು ಒಳ್ಳೆಯದು. ಏರುವಾಗ ಭಾರ ಹಿಂದಕ್ಕೆ ಬರುತ್ತದೆ, ಸ್ಟೀರಿಂಗೂ ಹಗುರವಾಗಿಯೇ ಉಳಿಯುತ್ತದೆ. ಮುಂದೆಯೂ ಇದ್ದರೆ ಸ್ವಿಚ್ಚಿನಿಂದ ಹಾಕಿ ತೆಗೆಯುವ ಬಗೆ ಬೇಕು. ಮುಂದಿನ ಲಾಕರ್ ಹಾಕಿ, ಸ್ಟೀರಿಂಗ್ ಕೊನೆಗೆ ತಿರುಗಿಸಿ, ಆಕ್ಸಿಲರೇಟರ್ ಒತ್ತಿದಾಗಲೇ ಮುಂದಿನ ಜಾಯಿಂಟುಗಳು ಒಡೆಯುವುದು. ಡಿಫರೆನ್ಷಿಯಲ್ ಒಳಗಿನ ಸ್ಪೈಡರ್ ಗೇರುಗಳನ್ನು ವೆಲ್ಡ್ ಮಾಡುವ ಅಗ್ಗದ ದಾರಿ ಕೆಲವು ಕಡೆ ನಡೆಯುತ್ತದೆ. ವೆಲ್ಡಿಂಗಿನ ಚೂರು ಉದುರಿ ಬೇರಿಂಗಿಗೆ ಹೋಗುವ ಅಪಾಯ ಅದರ ಜೊತೆಗೇ ಬರುತ್ತದೆ.

ಸ್ಟೀರಿಂಗ್, ಬ್ರೇಕ್, ಬಾಡಿ

ಇಲ್ಲಿ ನಿಯಮಗಳು ಬಹುತೇಕ ಒಂದೇ ಥರ. ಹಿಂದಿನ ಚಕ್ರ ತಿರುಗಕೂಡದು. ಸ್ಟೀರಿಂಗ್ ಬಾಕ್ಸಿನಿಂದ ಚಕ್ರದವರೆಗೆ ಯಾಂತ್ರಿಕ ಸಂಪರ್ಕ ಇರಬೇಕು, ಪೂರ್ತಿ ಹೈಡ್ರಾಲಿಕ್ ನಡೆಯದು. ಸ್ಟೀರಿಂಗಿಗೆ ಒತ್ತಾಸೆಯಾಗುವ ಹೈಡ್ರಾಲಿಕ್ ಸಿಲಿಂಡರ್, ಅಂದರೆ ಸಹಾಯಕ ರ‍್ಯಾಮ್ ಬಗ್ಗೆ ಮಾತ್ರ ಕೇಳಿ ನೋಡಿ. ಒಂದೊಂದು ಚಕ್ರವನ್ನು ಬೇರೆಬೇರೆಯಾಗಿ ಹಿಡಿಯುವ ಕಟಿಂಗ್ ಬ್ರೇಕ್, ಹಿಂದಿನ ಆಕ್ಸಲ್ಲನ್ನು ಬಿಡಿಸಿ ಮುಂದಿನ ಚಕ್ರದಿಂದ ಮಾತ್ರ ಎಳೆದು ಗಾಡಿಯನ್ನು ನಿಂತಲ್ಲೇ ತಿರುಗಿಸುವ ಡಿಗ್ ಇವೆರಡೂ ಮೇಲಿನ ಕ್ಲಾಸಿನವು. ಕೋನ್ ಮುಟ್ಟಿದರೆ, ರಿವರ್ಸ್ ಹಾಕಿದರೆ ಪಾಯಿಂಟ್ ಸೇರಿಸಿ, ಕಡಿಮೆ ಪಾಯಿಂಟಿನವರನ್ನು ಗೆಲ್ಲಿಸುವ ಪದ್ಧತಿಯಲ್ಲಿ ತಿರುಗುವ ಜಾಗ ಎಷ್ಟು ಬೇಕು ಅನ್ನುವುದು ದೊಡ್ಡ ವಿಷಯ. ಆದ್ದರಿಂದಲೇ ಕೆಲವರು ಸ್ಟೀರಿಂಗ್ ಸ್ಟಾಪ್ ಬೋಲ್ಟನ್ನು ಒಳಗೆ ತಿರುಗಿಸಿ ಇನ್ನಷ್ಟು ಕೋನ ಕದಿಯುತ್ತಾರೆ. ಜಾಯಿಂಟು ತಾಳುವ ಕೋನ ದಾಟಿದರೆ ಮೊದಲ ಗೇಟಿನಲ್ಲೇ, ಅಂದರೆ ದಾಟಬೇಕಾದ ಮೊದಲ ಜೋಡಿ ಕೋನ್‌ಗಳ ನಡುವೆಯೇ, ಅದರ ಲೆಕ್ಕ ಚುಕ್ತಾ.

ಬಾಡಿಯಲ್ಲಿ ಫೆಂಡರ್ ಕತ್ತರಿಸುವುದಕ್ಕೆ ಮಿತಿ ಇರುತ್ತದೆ. ಫೈರ್‌ವಾಲ್, ನೆಲ, ಬಾನೆಟ್, ಗ್ರಿಲ್ ಮೂಲದ್ದೇ ಇರಬೇಕು ಅಂತ ಸಾಮಾನ್ಯವಾಗಿ ಕೇಳುತ್ತಾರೆ. ಸೀಮೆಸುಣ್ಣದ ಗುರುತು ಇದ್ದಲ್ಲಿ ಮಾತ್ರ ಕತ್ತರಿಸಿ, ಅಂಚನ್ನು ಮಡಚಿ ಅಥವಾ ರಬ್ಬರ್ ಹಾಕಿ. ಹರಿತ ಅಂಚು ಟಯರಿನ ಸೈಡ್‌ವಾಲ್ ಸೀಳುತ್ತದೆ, ತಪಾಸಣೆಯಲ್ಲೂ ಹಿಡಿಯುತ್ತಾರೆ. ಪಕ್ಕದ ರಾಕ್ ಸ್ಲೈಡರನ್ನು ಚಾಸಿಗೇ ಕೂರಿಸಬೇಕು. ಬಾಡಿಯ ತೆಳು ತಗಡಿಗೆ ಕೂರಿಸಿದರೆ ಮೊದಲ ಬಂಡೆಗೆ ಬಾಗಿಲು ತೆರೆಯದ ಹಾಗೆ ಮಡಚುತ್ತದೆ.

ಸುರಕ್ಷತೆಯ ಭಾಗಕ್ಕೆ ಸ್ಟಾಕ್ ಅನ್ನುವ ನೆಪವಿಲ್ಲ

ರೋಲ್ ಕೇಜಿಗೆ ಸಂಘಟಕರು ತಮ್ಮದೇ ಪೈಪ್ ಅಳತೆ ಕೊಟ್ಟಿದ್ದರೆ ಅದೇ. ಹೋಲಿಕೆಗೆ, ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ಮುಖ್ಯ ಹೂಪಿಗೆ (ಸೀಟಿನ ಹಿಂದಿನ ದೊಡ್ಡ ಕಮಾನಿಗೆ) 45 × 2.5 ಅಥವಾ 50 × 2.0 ಮಿಮೀ, ಉಳಿದ ಭಾಗಕ್ಕೆ 38 × 2.5 ಅಥವಾ 40 × 2.0 ಮಿಮೀ ಕೊಳವೆ ಕೇಳುತ್ತದೆ. ರಾಕ್ ಕ್ರಾಲಿಂಗಿನಲ್ಲಿ 1.75 ಇಂಚು ವ್ಯಾಸ, 0.120 ಇಂಚು ಗೋಡೆಯ ಕೊಳವೆ ರೂಢಿ. ಪಾದವನ್ನು ಬಾಡಿಯ ತಗಡಿಗೆ ಸುಮ್ಮನೆ ಬೋಲ್ಟ್ ಮಾಡಿದರೆ ಮಗುಚಿದಾಗ ಅದು ನೆಲ ತೂತು ಮಾಡಿಕೊಂಡು ಇಳಿಯುತ್ತದೆ. ಎಫ್‌ಐಎ ಪಾದಕ್ಕೆ ಕನಿಷ್ಠ 3 ಮಿಮೀ ದಪ್ಪ, 120 ಚದರ ಸೆಂಮೀ ವಿಸ್ತಾರದ ಪ್ಲೇಟು, 8.8 ಗ್ರೇಡಿನ ಎಂ8 ಬೋಲ್ಟು ಮೂರಾದರೂ ಕೇಳುವುದು ಅದಕ್ಕೇ. ತಲೆ ತಾಗುವ ಕಡೆಯೆಲ್ಲ ಪ್ಯಾಡಿಂಗ್ ಬೇಕು.

ಭುಜದ ಬೆಲ್ಟು ಸೀಟಿನ ಹಿಂದಕ್ಕೆ ಆದಷ್ಟು ಅಡ್ಡವಾಗಿ ಹೋಗಬೇಕು. ಹಿಂದಿನ ನೆಲಕ್ಕೆ ಕಡಿದಾಗಿ ಇಳಿಸಿ ಕಟ್ಟಿದರೆ ಅಪಘಾತದಲ್ಲಿ ಅದು ಬೆನ್ನುಮೂಳೆಯನ್ನು ಅಮುಕುತ್ತದೆ. 45 ಡಿಗ್ರಿ ದಾಟಲೇಬಾರದು. ಬೆಲ್ಟಿನ ಮೇಲಿನ ತಾರೀಕು ಓದಿ: ಅಮೆರಿಕದ ಸುರಕ್ಷತಾ ಮಾನದಂಡ ಎಸ್‌ಎಫ್‌ಐ 16.1 ಲೇಬಲ್ಲಿನ ಬೆಲ್ಟಿಗೆ ತಯಾರಾದ ದಿನದಿಂದ ಎರಡು ವರ್ಷ. ಬೆಂಕಿ ಆರಿಸುವ ಸಿಲಿಂಡರನ್ನು ಬೆಲ್ಟು ಕಟ್ಟಿಕೊಂಡೇ ಕೈಗೆಟಕುವ ಕಡೆ, ಲೋಹದ ಹಿಡಿಕೆಯಲ್ಲಿ ಕೂರಿಸಿ. ಬ್ಯಾಟರಿಗೆ ರಬ್ಬರ್ ಹಗ್ಗ ಸಾಲದು, ಲೋಹದ ಕ್ಲ್ಯಾಂಪೇ ಬೇಕು; ಮಗುಚಿದಾಗ ಅದೇ ಬಾನೆಟ್ಟಿಗೆ ತಾಗಿ ಕಿಡಿ ಹಾರುವುದು. ಇಂಧನ ಟ್ಯಾಂಕಿನ ಗಾಳಿಪೈಪಿಗೆ ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಇರಲಿ.

ಎಳೆಯುವ ಕೊಕ್ಕೆ ಮುಂದೆಯೂ ಹಿಂದೆಯೂ ಚಾಸಿಗೆ ಬೋಲ್ಟ್ ಆಗಿರಬೇಕು. ಟ್ರೈಲರಿನ ಟೋ ಬಾಲಿಗೆ ಹಗ್ಗ ಕಟ್ಟಿ ಎಳೆಯುವುದು ಎಲ್ಲಿಯೂ ಬೇಡ, ಆ ಗುಂಡು ತುಂಡಾಗಿ ಗುಂಡೇಟಿನ ಹಾಗೆ ಹಾರುತ್ತದೆ. ವಿಂಚ್ ಇದ್ದರೆ ಅದರ ಸಾಮರ್ಥ್ಯ ಗಾಡಿಯ ತುಂಬಿದ ತೂಕದ ಒಂದೂವರೆ ಪಟ್ಟು.

ತಪಾಸಣೆಯ ದಿನ

ಹಿಂದಿನ ದಿನವೇ ಗಾಡಿ ತೊಳೆದು ಒಣಗಿಸಿ. ಕೆಸರಿನಡಿ ಆಯಿಲ್ ಸೋರಿಕೆ ಕಾಣದು, ಕೆಸರು ಕಂಡರೆ ತಪಾಸಣೆಯವರು ಇನ್ನೂ ಬಗ್ಗಿ ನೋಡುತ್ತಾರೆ. ವೀಲ್‌ಬೇಸನ್ನು ನೀವೇ ಅಳೆದಿಡಿ: ಸಮತಟ್ಟು ನೆಲ, ಸ್ಟೀರಿಂಗ್ ನೇರ, ಹಬ್ಬಿನ ನಡುವಿನಿಂದ ತೂಗುದಾರ ಬಿಟ್ಟು ನೆಲದಲ್ಲಿ ಗುರುತು, ಎರಡೂ ಪಕ್ಕ. ಎಡ ಬಲದ ಅಳತೆಯಲ್ಲಿ ವ್ಯತ್ಯಾಸ ಬಂದರೆ ಪಟ್ಟಿಯ ನಡು ಬೋಲ್ಟು ಮುರಿದಿದೆ ಅಥವಾ ಆರ್ಮಿನ ಬುಶ್ ಹೋಗಿದೆ. ನಿಯಮದ ಅಳತೆಗಿಂತ ಮುಖ್ಯವಾದ ಸುದ್ದಿ ಅದು.

ಚಾಸಿ ನಂಬರಿನ ಜಾಗ ಉಜ್ಜಿ ಓದುವಂತೆ ಮಾಡಿ. ಬದಲಿಸಿದ ಪ್ರತಿ ಪಾರ್ಟಿಗೆ ನಿಯಮದ ಕ್ರಮಸಂಖ್ಯೆ, ಪಾರ್ಟ್ ನಂಬರ್, ಬದಲಿಸುವ ಮೊದಲಿನ ಫೋಟೋ ಒಂದು ಕಾಗದದಲ್ಲಿರಲಿ. ತೆಗೆದ ಮೂಲ ಪಾರ್ಟುಗಳಲ್ಲಿ ಅರ್ಧ ಗಂಟೆಯಲ್ಲಿ ವಾಪಸ್ ಹಾಕಬಹುದಾದವನ್ನು ಜೊತೆಗೇ ಒಯ್ಯಿರಿ: ಮೂಲ ಶಾಕಲ್, ಮೂಲ ರಿಮ್, ಸ್ಪೇಸರ್ ಇಲ್ಲದೆ ಹಿಡಿಯುವ ನಟ್ಟುಗಳು. ತಪಾಸಣೆಯಲ್ಲಿ ಬೇಡ ಅಂದದ್ದನ್ನು ಬದಲಿಸಿಕೊಂಡು ಬನ್ನಿ ಅಂತ ಸಮಯ ಕೊಟ್ಟರೆ, ಪಾರ್ಟ್ ಮನೆಯಲ್ಲಿದ್ದವರು ಅಲ್ಲಿಂದಲೇ ವಾಪಸ್.

ತಪಾಸಣೆ ಮುಗಿದ ಮೇಲೆ ಗಾಡಿಗೆ ಏನೇ ಮುಟ್ಟಬೇಕಾದರೂ ಹೇಳಿ ಮುಟ್ಟಿ. ಒಡೆದ ಪಾರ್ಟಿನ ಬದಲು ಅದೇ ಬಗೆಯದನ್ನು ಹಾಕುವುದು ರಿಪೇರಿ, ಗಟ್ಟಿಯದನ್ನು ಹಾಕುವುದು ಮಾರ್ಪಾಡು. ಪ್ರತಿ ಸುತ್ತಿನ ನಂತರ ಚಕ್ರದ ನಟ್ಟು, ಯು-ಬೋಲ್ಟು, ಆರ್ಮಿನ ಬೋಲ್ಟುಗಳಿಗೆ ರೆಂಚ್ ಹಾಕಿ ನೋಡಿ. ಬಿಗಿದ ದಿನವೇ ಪ್ರತಿ ಬೋಲ್ಟಿನ ತಲೆಯಿಂದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆದಿದ್ದರೆ, ಗೆರೆ ಮುರಿದ ಬೋಲ್ಟು ದೂರದಿಂದಲೇ ಕಾಣುತ್ತದೆ.